ಕಾನೂನು ಶಿಕ್ಷಣದಲ್ಲಿ ಜನರೇಟಿವ್ ಎಐ: ಕರ್ನಾಟಕದ ಕಾಲೇಜುಗಳು ಮತ್ತು ಮೌಲ್ಯಮಾಪನ

ಕೇಳಿದ ಪ್ರಶ್ನೆಗೆ ತಾನೇ ವಾಕ್ಯ ಹೆಣೆದು ಉತ್ತರ ಕೊಡುವ ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಕೋಪೈಲಟ್‌ನಂಥ ತಂತ್ರಾಂಶಗಳನ್ನು ಜನರೇಟಿವ್ ಎಐ ಎನ್ನುತ್ತಾರೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂತು. ಆನಂತರ ಬರವಣಿಗೆಯನ್ನೇ ನೆಚ್ಚಿಕೊಂಡ ಎಲ್ಲ ಶಿಕ್ಷಣ ಶಾಖೆಗಳಲ್ಲೂ ಇದರ ಪ್ರಭಾವ ಕಾಣಿಸಿಕೊಂಡಿತು. ಕಾನೂನು ಶಿಕ್ಷಣಕ್ಕೆ ಇದು ಉಳಿದೆಲ್ಲಕ್ಕಿಂತ ಹತ್ತಿರದ ವಿಷಯ. ವಕೀಲನ ದುಡಿಮೆಯೆಲ್ಲ ಓದು, ಬರಹ, ವಾದ. ಈ ಮೂರನ್ನೂ ತಾನು ಮಾಡಬಲ್ಲೆ ಎಂದು ತೋರಿಸಿಕೊಳ್ಳುವ ಸಾಧನ ಈಗ ಪ್ರತಿ ವಿದ್ಯಾರ್ಥಿಯ ಜೇಬಿನ ಫೋನಿನಲ್ಲಿದೆ. ಈ ಲೇಖನ ಕರ್ನಾಟಕದ, ಅದರಲ್ಲೂ ಅರಸೀಕೆರೆ, ಬೇಲೂರು, ಹಳೇಬೀಡು ಇರುವ ಹಾಸನ ಜಿಲ್ಲೆಯಂಥ ಕಡೆಯ ಕಾನೂನು ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುತ್ತದೆ. ಮಹಾನಗರದ ರಾಷ್ಟ್ರೀಯ ಕಾನೂನು ಶಾಲೆಗಳ ಸ್ಥಿತಿ ಬೇರೆ. ತಾಲ್ಲೂಕು ನ್ಯಾಯಾಲಯಗಳಿಗೆ ವಕೀಲರು ಬರುವುದು ಬಹುಪಾಲು ಇಂಥ ಜಿಲ್ಲೆಗಳಿಂದ.

ಕಾಲೇಜುಗಳು ಮತ್ತು ಅಂಕಗಳ ಲೆಕ್ಕ

ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿ, ಬೆಂಗಳೂರಿನ ವಿಶ್ವವಿದ್ಯಾಲಯ ಕಾನೂನು ಕಾಲೇಜು 1948ರಲ್ಲಿ ಆರಂಭವಾದವು. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಎಂಬತ್ತರ ದಶಕದ ಕೊನೆಯಲ್ಲಿ ಶುರುವಾಗಿ, ಐದು ವರ್ಷದ ಸಂಯೋಜಿತ ಪದವಿಗೆ ದೇಶದಲ್ಲಿ ಮಾದರಿಯಾಯಿತು. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಕಾನೂನು ಕಾಲೇಜುಗಳು ಅದರ ತೆಕ್ಕೆಗೆ ಬಂದವು. ಹಾಸನ ಜಿಲ್ಲೆಯಲ್ಲಿ ಹಾಸನದ ಎಂ. ಕೃಷ್ಣ ಕಾನೂನು ಕಾಲೇಜು ಮತ್ತು ಹೊಳೆನರಸೀಪುರದ ಸರ್ಕಾರಿ ಕಾನೂನು ಕಾಲೇಜು ಈ ವಿಶ್ವವಿದ್ಯಾಲಯಕ್ಕೆ ಸೇರಿದವು. ಬೇಲೂರು, ಹಳೇಬೀಡಿನವರಿಗೆ ಹಾಸನ ಬಸ್ಸಿನ ದಾರಿ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಜಂಕ್ಷನ್ ಆದ ಅರಸೀಕೆರೆಯವರಿಗೆ ರೈಲೂ ಇದೆ.

ಎಐ ಎಲ್ಲಿ ನುಸುಳಬಲ್ಲದು, ಎಲ್ಲಿ ನುಸುಳಲಾರದು ಎಂಬುದು ಅಂಕ ಹಂಚಿಕೆಯಲ್ಲೇ ಗೊತ್ತಾಗುತ್ತದೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಲಿಖಿತ ಪತ್ರಿಕೆಗಳಲ್ಲಿ 80 ಅಂಕ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. 80 ಅಂಕದ ಪ್ರಶ್ನೆಪತ್ರಿಕೆಯ ವಿನ್ಯಾಸ ವಿದ್ಯಾರ್ಥಿಗಳಿಗೆ ಬಾಯಿಪಾಠ: ಐದು ಘಟಕ, ಪ್ರತಿ ಘಟಕದಿಂದ 10 ಅಂಕದ ಒಂದು ಪ್ರಬಂಧ ಮಾದರಿ ಪ್ರಶ್ನೆ, 6 ಅಂಕದ ಒಂದು ಟಿಪ್ಪಣಿ ಅಥವಾ ಸಮಸ್ಯೆ. ಕೊಠಡಿ ಮೇಲ್ವಿಚಾರಕರ ಮುಂದೆ ಪೆನ್ನು ಹಿಡಿದು ಬರೆಯುವ ಈ ಪರೀಕ್ಷೆಗೆ ಎಐ ಕಾಲಿಡಲಾಗದು. ಆದರೆ ಅದು ಹೆಚ್ಚಾಗಿ ಅಳೆಯುವುದು ನೆನಪಿನ ಶಕ್ತಿಯನ್ನು. ಗೈಡು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಕಟ್ಟು, ಜೆರಾಕ್ಸ್ ನೋಟ್ಸು ಇವೇ ಅದರ ಸಿದ್ಧತೆ. ಈಗ ಆ ಸಾಲಿಗೆ ಎಐ ತಯಾರಿಸಿದ ನೋಟ್ಸೂ ಸೇರಿದೆ.

ಕಸುಬನ್ನು ಅಳೆಯುವ ಭಾಗವೇ ಎಐಗೆ ತೆರೆದ ಬಾಗಿಲು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿವೆ. ಅವುಗಳಲ್ಲಿ ಕರಡು ರಚನೆ ಮತ್ತು ಹಸ್ತಾಂತರ ಪತ್ರಗಳ ಪತ್ರಿಕೆಗೆ 15 ವಾದಪತ್ರ ಮಾದರಿಯ ಅಭ್ಯಾಸ, 15 ಕ್ರಯ, ಭೋಗ್ಯ, ಗುತ್ತಿಗೆ ಮಾದರಿಯ ಅಭ್ಯಾಸ. ಒಂದೊಂದಕ್ಕೆ 3 ಅಂಕ, ಒಟ್ಟು 90. ಉಳಿದ 10 ಮೌಖಿಕ ಪರೀಕ್ಷೆಗೆ. ಅಣಕು ನ್ಯಾಯಾಲಯದ ಪತ್ರಿಕೆಯಲ್ಲಿ ಅಣಕು ವಾದಕ್ಕೆ 30, ನ್ಯಾಯಾಲಯದಲ್ಲಿ ಕೂತು ಎರಡು ವಿಚಾರಣೆ ನೋಡಿ ಬರೆಯುವ ವರದಿಗೆ 30, ಕಕ್ಷಿದಾರರ ಸಂದರ್ಶನ ಮತ್ತು ಇಂಟರ್ನ್‌ಶಿಪ್ ದಿನಚರಿಗೆ 30, ಮೌಖಿಕಕ್ಕೆ 10. ಮನೆಯಲ್ಲಿ ಕೂತು ಬರೆದು ತರುವ ಪುಸ್ತಕಕ್ಕೆ ಸಿಂಹಪಾಲು, ಎದುರು ಕೂತು ಉತ್ತರಿಸುವ ಮೌಖಿಕಕ್ಕೆ ಹತ್ತರಲ್ಲೊಂದು ಪಾಲು. ಈ ನಿಯಮ ಬಂದಾಗ ಯಂತ್ರ ವಾದಪತ್ರ ಬರೆಯುತ್ತದೆಂದು ಯಾರೂ ಎಣಿಸಿರಲಿಲ್ಲ. ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡುವುದು ಆಗಲೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆ ನಕಲಿನಲ್ಲಿ ಕನಿಷ್ಠ ಕೈಯಾದರೂ ಓಡುತ್ತಿತ್ತು. ನಕಲಾಗುತ್ತಿದ್ದದ್ದೂ ಯಾರೋ ತಿದ್ದಿಕೊಟ್ಟ ಕರಡು.

ಇಲ್ಲದ ತೀರ್ಪುಗಳು

ಭಾಷಾ ಮಾದರಿಗಳು ಅಪಾರ ಪಠ್ಯ ಓದಿ, ಒಂದು ಪದದ ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಕಲಿತಿರುತ್ತವೆ. ತೀರ್ಪುಗಳ ಉಲ್ಲೇಖಕ್ಕೆ ಕಟ್ಟುನಿಟ್ಟಾದ ಅಚ್ಚು ಇದೆ: ಕಕ್ಷಿಗಳ ಹೆಸರು, ಇಸವಿ, ಸಂಪುಟ, ಎಸ್‌ಸಿಸಿ ಅಥವಾ ಎಐಆರ್ ಅಥವಾ ಐಎಲ್‌ಆರ್ ಕರ್ನಾಟಕದಂಥ ತೀರ್ಪು ಸರಣಿಯ ಹೆಸರು, ಕೊನೆಗೆ ಪುಟ. ಆ ಅಚ್ಚಿಗೆ ಸರಿಯಾಗಿ ಹೊಂದುವ, ಆದರೆ ಎಂದೂ ಹೊರಬೀಳದ ತೀರ್ಪನ್ನು ಹೆಣೆಯುವುದು ಯಂತ್ರಕ್ಕೆ ಸುಲಭ. ಜಾಲದಲ್ಲಿ ಹುಡುಕಿ ಉತ್ತರಿಸುವ ಹೊಸ ಆವೃತ್ತಿಗಳಲ್ಲಿ ಈ ದೋಷ ಕಡಿಮೆಯಾಗಿದೆ, ಹೋಗಿಲ್ಲ. ವಕೀಲರಿಗೆಂದೇ ಮಾರುವ ದುಬಾರಿ ಸಂಶೋಧನಾ ಸಾಧನಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2024ರಲ್ಲಿ ಪರೀಕ್ಷಿಸಿದಾಗ, ಆರು ಪ್ರಶ್ನೆಗಳಲ್ಲಿ ಕನಿಷ್ಠ ಒಂದಕ್ಕೆ ತಪ್ಪು ಅಥವಾ ಆಧಾರವಿಲ್ಲದ ಉತ್ತರ ಬಂದಿತ್ತು.

ಈ ದೋಷಕ್ಕೆ ಲೋಕದಲ್ಲೆಲ್ಲ ಹೆಸರಾದದ್ದು ನ್ಯೂಯಾರ್ಕಿನ ಮಾಟಾ ವಿರುದ್ಧ ಆವಿಯಾಂಕಾ ಪ್ರಕರಣ. ಚಾಟ್‌ಜಿಪಿಟಿ ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿತ್ತು. ನಮ್ಮಲ್ಲೂ ತಡವಾಗಲಿಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಬಕೈ ಟ್ರಸ್ಟ್ ಪ್ರಕರಣದಲ್ಲಿ 2024ರ ಡಿಸೆಂಬರ್ 30ರಂದು ಕೊಟ್ಟ ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖವಿತ್ತು. ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರು ಸಮ್ಮಾನ್ ಕ್ಯಾಪಿಟಲ್ ಮತ್ತು ಮಂತ್ರಿ ಇನ್‌ಫ್ರಾಸ್ಟ್ರಕ್ಚರ್ ನಡುವಿನ ಪ್ರಕರಣದಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶ ನೆಚ್ಚಿಕೊಂಡ ಸುಪ್ರೀಂ ಕೋರ್ಟ್ ತೀರ್ಪುಗಳು ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ, ಮುಂದಿನ ಕ್ರಮಕ್ಕಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಿದರು. ಈ ಎರಡೂ ಪ್ರಕರಣಗಳು ಕರ್ನಾಟಕದ ಪ್ರತಿ ಕಾನೂನು ತರಗತಿಯಲ್ಲಿ ಮೊದಲ ಸೆಮಿಸ್ಟರಿನಲ್ಲೇ ಪಾಠವಾಗಬೇಕು.

ಇನ್ನೊಂದು ದೋಷ ಇಷ್ಟು ಎದ್ದು ಕಾಣುವುದಿಲ್ಲ, ಹಾಗಾಗಿಯೇ ವಿದ್ಯಾರ್ಥಿಗೆ ಹೆಚ್ಚು ಅಪಾಯಕಾರಿ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಯಂತ್ರ ಕಲಿತ ಪಠ್ಯದಲ್ಲಿ ಒಂದೂವರೆ ಶತಮಾನದ ಹಳೆಯ ಸಂಖ್ಯೆಗಳೇ ತುಂಬಿವೆ. ಕೊಲೆಗೆ ಈಗ 103ನೆಯ ಕಲಮು. ನ್ಯಾಯ ಸಂಹಿತೆಯ 302 ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂಬಂಧಿಸಿದ್ದು. ವಂಚನೆಯ 420 ಈಗ 318ರ ಉಪಕಲಮು (4). ಎಲ್ಲಕ್ಕಿಂತ ಬಲೆಯಂಥದ್ದು 482. ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರ, ಹೊಸದರಲ್ಲಿ ನಿರೀಕ್ಷಣಾ ಜಾಮೀನು. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ‘482ರ ಅರ್ಜಿ ಬರೆದುಕೊಡು’ ಎಂದರೆ ಯಂತ್ರ ಎರಡರಲ್ಲಿ ಯಾವುದನ್ನಾದರೂ ಬರೆದುಕೊಟ್ಟೀತು, ಎರಡೂ ಓದಲು ಸೊಗಸಾಗಿಯೇ ಇರುತ್ತವೆ. ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಇಂದಿಗೂ ಹಳೆಯ ದಂಡ ಸಂಹಿತೆಯೇ ಅನ್ವಯ. ಆದ್ದರಿಂದ ವಿದ್ಯಾರ್ಥಿಗೆ ಎರಡೂ ಗೊತ್ತಿರಬೇಕು, ಕೃತ್ಯ ನಡೆದ ತಾರೀಕು ಕೇಳುವ ಅಭ್ಯಾಸವೂ ಇರಬೇಕು.

ಅರಸೀಕೆರೆಯ ತೋಟ, ಹಳೇಬೀಡಿನ ಮನೆ

ಕರಡು ರಚನೆಯ ಪತ್ರಿಕೆಗೆ ಒಂದು ಸಾಧಾರಣ ಅಭ್ಯಾಸವನ್ನು ತೆಗೆದುಕೊಳ್ಳೋಣ. ಅರಸೀಕೆರೆ ತಾಲ್ಲೂಕಿನ ತೆಂಗಿನ ತೋಟವೊಂದರಲ್ಲಿ ಮದುವೆಯಾಗಿ ಹೋದ ಮಗಳು ಅಣ್ಣತಮ್ಮಂದಿರ ಮೇಲೆ ಪಾಲಿಗಾಗಿ ದಾವಾ ಹೂಡಬೇಕು, ವಾದಪತ್ರ ಸಿದ್ಧಪಡಿಸಿ. ತಾಲ್ಲೂಕು ನ್ಯಾಯಾಲಯಗಳಲ್ಲಿ ದಿನವೂ ನೋಡುವ ದಾವಾ ಇದು. ಎಐ ಅರ್ಧ ನಿಮಿಷದಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್ ವಾದಪತ್ರ ಕೊಡುತ್ತದೆ. ಹಿಂದೂ ಉತ್ತರಾಧಿಕಾರ ಅಧಿನಿಯಮದ 6ನೆಯ ಕಲಮು, 2005ರ ತಿದ್ದುಪಡಿ, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು, ಎಲ್ಲ ಅದರಲ್ಲಿರುತ್ತವೆ. ಇಲ್ಲಿಯವರೆಗೆ ದೂರಲು ಏನೂ ಇಲ್ಲ. ತೊಡಕಿರುವುದು ಮುಂದೆ.

ನ್ಯಾಯಾಲಯ ಶುಲ್ಕದ ಪ್ಯಾರಾದಲ್ಲಿ 1870ರ ಕೇಂದ್ರ ಕಾಯ್ದೆ ಬಂದು ಕೂರಬಹುದು. ಕರ್ನಾಟಕದಲ್ಲಿ ನಡೆಯುವುದು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವಾ ಮೌಲ್ಯನಿರ್ಣಯ ಅಧಿನಿಯಮ. ಅದರ 35ನೆಯ ಕಲಮಿನ ಪ್ರಕಾರ ವಾದಿ ಜಂಟಿ ಸ್ವಾಧೀನದಲ್ಲಿದ್ದರೆ ಒಂದು ಲೆಕ್ಕ, ಸ್ವಾಧೀನದಿಂದ ಹೊರಗಿಟ್ಟಿದ್ದರೆ ಅವಳ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ. ಯಾವುದು ಎಂದು ತಿಳಿಯಲು ಆ ಹೆಣ್ಣುಮಗಳನ್ನು ಕೇಳಬೇಕು: ‘ನಿಮ್ಮ ಅಪ್ಪ ಹೋದ ಮೇಲೆ ತೋಟದ ಕಾಯಿ, ಕೊಬ್ಬರಿಯಲ್ಲಿ ನಿಮಗೇನಾದರೂ ಕೊಡುತ್ತಿದ್ದರಾ ಅಮ್ಮ? ಕೊಡೋದು ಯಾವಾಗ ನಿಲ್ಲಿಸಿದರು?’ 2005ರ ತಿದ್ದುಪಡಿ ಗಡಿಯಾಗಿಟ್ಟ 2004ರ ಡಿಸೆಂಬರ್ 20ಕ್ಕೆ ಮುಂಚೆ ಪಾಲು ಪಾರಿಖತ್ತು ಆಗಿತ್ತೇ, ಆಗಿದ್ದರೆ ನೋಂದಣಿಯಾಗಿತ್ತೇ ಎಂಬುದನ್ನೂ ಕೇಳಬೇಕು. ಕೇಸು ನಿಲ್ಲುವುದೋ ಬೀಳುವುದೋ ಅದರ ಮೇಲಿದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಸಮಾನ ಪಾಲು ಕೊಟ್ಟು ತನ್ನದೇ ತಿದ್ದುಪಡಿ ತಂದಿತ್ತು, ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟಿತ್ತು. ದೇಶಕ್ಕೆಲ್ಲ ಒಂದೇ ಉತ್ತರ ಕೊಡುವ ಯಂತ್ರ ಈ ರಾಜ್ಯದ ಅಧ್ಯಾಯವನ್ನು ದಾಟಿಬಿಡುವುದೇ ಹೆಚ್ಚು.

ಇನ್ನು ಸ್ವತ್ತಿನ ಷೆಡ್ಯೂಲು. ಪಹಣಿಯಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ನಲವತ್ತು ಗುಂಟೆಗೆ ಎಕರೆಯಾದ್ದರಿಂದ ಎರಡೂವರೆ ಎಕರೆ. ದಶಾಂಶವೆಂದು ಓದಿದರೆ ಹನ್ನೆರಡು ಗುಂಟೆ ತೋಟ ಕಾಗದದ ಮೇಲೆ ಮಾಯ. ಖುಷ್ಕಿ, ತರಿ, ಬಾಗಾಯ್ತು ಎಂಬ ವರ್ಗೀಕರಣ, ಹಿಸ್ಸಾ ನಂಬರು, ಪೋಡಿಯಾಗಿದೆಯೋ ಇಲ್ಲವೋ, ನಾಲ್ಕು ದಿಕ್ಕಿನ ಚಕ್ಕುಬಂದಿ, ಇವೆಲ್ಲ ಯಂತ್ರಕ್ಕೆ ಕೊಡದಿದ್ದರೆ ಅದು ಖಾಲಿ ಜಾಗ ಬಿಡುತ್ತದೆ, ಇಲ್ಲವೇ ತಾನೇ ತುಂಬುತ್ತದೆ. ಕರಡು ಕಲಿಸುವ ಮೇಷ್ಟರು ನೋಡಬೇಕಾದದ್ದು ಈ ಜಾಗಗಳನ್ನೇ. ಭೂ ಕಾನೂನಿನ ಪತ್ರಿಕೆಯಲ್ಲೂ ಇದೇ ಪಾಡು. 1961ರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕೈಬಿಡಲಾಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಜಮೀನು ಮರಳಿಸಲು ಅರ್ಜಿ ಹಾಕುವುದಕ್ಕೆ ಕಾಲಮಿತಿಯ ತೊಡಕು ತೆಗೆಯುವ ಪ್ರಯತ್ನವಾಯಿತು. ಹಳೆಯ ಪಠ್ಯದ ಮೇಲೆ ನಿಂತ ಉತ್ತರ ಈ ಬದಲಾವಣೆಗಳನ್ನು ಬಿಟ್ಟುಬಿಟ್ಟರೆ ಬಡ ಕಕ್ಷಿದಾರನ ಜಮೀನೇ ಹೋದೀತು.

ಬೇಲೂರು, ಹಳೇಬೀಡಿನಲ್ಲಿ ಇನ್ನೊಂದು ಬಗೆಯ ಪ್ರಶ್ನೆ ಸಿಗುತ್ತದೆ. ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಸೇರಿದ 20ಎ, 20ಬಿ ಕಲಮುಗಳು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಸಾರಿವೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಯ್ಸಳೇಶ್ವರ ದೇವಾಲಯದ ಸುತ್ತ ಮನೆ ಇರುವವರು ಸೋರುವ ಮಾಡು ರಿಪೇರಿ ಮಾಡಿಸಲು ಯಾರ ಅನುಮತಿ ಬೇಡಬೇಕು? ಮಹಡಿ ಏರಿಸಬಹುದೇ? ಬೇಲೂರಿನಲ್ಲಿ ಚೆನ್ನಕೇಶವನಿಗೆ ನಿತ್ಯಪೂಜೆ, ರಥೋತ್ಸವ ನಡೆಯುತ್ತವೆ. ಅಲ್ಲಿ ಸ್ಮಾರಕದ ಕಾನೂನಿನ ಜೊತೆಗೆ ರಾಜ್ಯದ 1997ರ ಧಾರ್ಮಿಕ ದತ್ತಿ ಕಾಯ್ದೆಯೂ ಎದುರಾಗುತ್ತದೆ. ನಿಷೇಧಿತ ಪ್ರದೇಶದಲ್ಲಿ ಸಾರ್ವಜನಿಕ ಕಾಮಗಾರಿಗೆ ಅವಕಾಶ ಕೊಡುವ ತಿದ್ದುಪಡಿ ಮಸೂದೆಯೊಂದು 2018ರ ಜನವರಿಯಲ್ಲಿ ಲೋಕಸಭೆಯ ಒಪ್ಪಿಗೆ ಪಡೆದೂ ಕಾಯ್ದೆಯಾಗಿ ಬರಲಿಲ್ಲ; ಮಸೂದೆಯನ್ನೂ ಕಾಯ್ದೆಯನ್ನೂ ಕಲೆಸಿಕೊಳ್ಳುವುದು ಯಂತ್ರಕ್ಕೆ ಅಪರೂಪವಲ್ಲ. ಇಂಥ ಪ್ರಶ್ನೆಯನ್ನು ಆಂತರಿಕ ಮೌಲ್ಯಮಾಪನಕ್ಕೆ ಕೊಟ್ಟು, ಎಐ ಬಳಸಿ ಎಂದೇ ಹೇಳಿ, ಅದು ಹೇಳಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಅಧಿನಿಯಮದ ಮೂಲಪಾಠ ಇಟ್ಟುಕೊಂಡು ಗುರುತಿಸಿ ಬರೆಯಿರಿ ಎಂದರೆ 20 ಅಂಕಗಳಿಗೆ ನಿಜವಾದ ಬೆಲೆ ಬರುತ್ತದೆ.

ಕನ್ನಡದಲ್ಲಿ ಬರೆಯುವವರು

ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಗಳಲ್ಲಿ, ಉತ್ತರವನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಇಲ್ಲವೇ ಕನ್ನಡದಲ್ಲಿ ಬರೆಯಬೇಕು ಎಂಬ ಸೂಚನೆ ಇರುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಪುಸ್ತಕಗಳ ಕೊರತೆ ಮೊದಲಿನಿಂದಲೂ ಇದೆ. ಮೇಲಿನ ನ್ಯಾಯಾಲಯಗಳ ತೀರ್ಪುಗಳು ಇಂಗ್ಲಿಷಿನಲ್ಲಿ. ಸಂವಿಧಾನದ 348ನೆಯ ವಿಧಿ ಅದನ್ನು ಹಾಗೆಯೇ ಇಟ್ಟಿದೆ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಹೂಡಿದ, 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದ ಕೇಶವಾನಂದ ಭಾರತಿ ಪ್ರಕರಣವನ್ನೇ ಕನ್ನಡದ ವಿದ್ಯಾರ್ಥಿ ಗೈಡಿನ ಒಂದು ಪ್ಯಾರಾದಲ್ಲಿ ಓದಿ ಮುಗಿಸಬೇಕಾಗಿದೆ. ಅಂಥವರಿಗೆ ಇಂಗ್ಲಿಷ್ ತೀರ್ಪನ್ನು ಕನ್ನಡದಲ್ಲಿ ವಿವರಿಸಿ, ಅರ್ಥವಾಗದ ಕಡೆ ಮತ್ತೆ ಕೇಳಲು ಬಿಡುವ ಸಾಧನ ನಿಜಕ್ಕೂ ದೊಡ್ಡ ಆಸರೆ. ಊರಿನ ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲದ, ಟ್ಯೂಷನ್ನಿಗೆ ಹಣವಿಲ್ಲದ ಹುಡುಗಿಗೆ ರಾತ್ರಿ ಹತ್ತು ಗಂಟೆಗೂ ಬೇಸರಿಸದೆ ಪಾಠ ಹೇಳುವ ಇದನ್ನು ಬರೀ ಕಳ್ಳದಾರಿ ಎಂದು ಕರೆಯುವುದು ಅನ್ಯಾಯ.

ಸರ್ಕಾರಿ ಪ್ರಯತ್ನಗಳೂ ಈ ದಿಕ್ಕಿನಲ್ಲಿವೆ. ಸುಪ್ರೀಂ ಕೋರ್ಟ್ 2019ರಲ್ಲಿ ಸುವಾಸ್ ಎಂಬ ಅನುವಾದ ತಂತ್ರಾಂಶವನ್ನು ತಂದಿತು. ಅದರ ನೆರವಿನಿಂದ ತಯಾರಾದ ಅನುವಾದಗಳನ್ನು ಮನುಷ್ಯರು ತಿದ್ದಿದ ಮೇಲೆ ಪ್ರಕಟಿಸಲಾಗುತ್ತದೆ, ಕನ್ನಡದಲ್ಲೂ ತೀರ್ಪುಗಳು ಸಿಗುತ್ತಿವೆ. ಆದರೆ ಯಂತ್ರದ ಕಾನೂನು ಕನ್ನಡ ಇನ್ನೂ ಪಳಗಿಲ್ಲ. ಪಾಟೀಸವಾಲು ಎನ್ನುವ ಕಡೆ ‘ಅಡ್ಡ ಪರೀಕ್ಷೆ’ ಎಂದು ಬರೆದುಬಿಟ್ಟರೆ ಅರಸೀಕೆರೆಯ ಕೋರ್ಟಿನ ಶಿರಸ್ತೇದಾರರಿಗೂ ಅರ್ಥವಾಗದು. ಅಂತರ್ಜಾಲದಲ್ಲಿ ಒಳ್ಳೆಯ ಕಾನೂನು ಕನ್ನಡ ಕಡಿಮೆ ಇರುವುದೇ ಇದಕ್ಕೆ ಕಾರಣ. ಅಧೀನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ಬರೆದ ತೀರ್ಪುಗಳನ್ನು ಹೆಸರು ಮರೆಮಾಡಿ ಸಂಗ್ರಹಿಸಿ ತೆರೆದಿಟ್ಟರೆ ವಿದ್ಯಾರ್ಥಿಗೂ ಯಂತ್ರಕ್ಕೂ ಪಾಠವಾದೀತು.

ಪತ್ತೆ ಮತ್ತು ಪರಿಹಾರ

ಎಐ ಬರಹವನ್ನು ಪತ್ತೆ ಹಚ್ಚುವ ತಂತ್ರಾಂಶಗಳ ಮೇಲೆ ಕಾಲೇಜುಗಳು ಭಾರ ಹಾಕಬಾರದು. ಓಪನ್‌ಎಐ ಸಂಸ್ಥೆ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂಪಡೆಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಕನ್ನಡ ಮಾಧ್ಯಮದಿಂದ ಬಂದು ಸರಳ ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿಯೇ ಇಲ್ಲಿ ಮೊದಲು ಸಿಕ್ಕಿಬೀಳುವವನು. ಹರಿಯಾಣದ ಸೋನೀಪತ್‌ನ ಒ.ಪಿ. ಜಿಂದಾಲ್ ಗ್ಲೋಬಲ್ ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ ವಿದ್ಯಾರ್ಥಿಯೊಬ್ಬರ ಉತ್ತರದ ಶೇ. 88 ಭಾಗ ಎಐ ಬರೆದದ್ದೆಂದು ಅನುತ್ತೀರ್ಣಗೊಳಿಸಿದಾಗ, ಅವರು 2024ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋದರು. ಎಐ ಬಳಸಬಾರದೆಂಬ ಸ್ಪಷ್ಟ ನಿಯಮವೇ ಇಲ್ಲ ಎಂಬುದು ಅವರ ವಾದ. ವಿಶ್ವವಿದ್ಯಾಲಯ ಅವರನ್ನು ಉತ್ತೀರ್ಣಗೊಳಿಸಿದ್ದರಿಂದ ಅರ್ಜಿ ಇತ್ಯರ್ಥವಾಯಿತು, ಕಾನೂನಿನ ಪ್ರಶ್ನೆ ಉತ್ತರ ಕಾಣಲಿಲ್ಲ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳು ಹೋಲಿಕೆಯ ಶೇಕಡಾವಾರು ಲೆಕ್ಕದ ಮೇಲೆ ನಿಂತಿವೆ. ಯಂತ್ರ ಹೊಸದಾಗಿ ಹೆಣೆದ ವಾಕ್ಯಕ್ಕೆ ಹೋಲಿಸಲು ಮೂಲವೇ ಇರುವುದಿಲ್ಲ.

ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ಅನುಭವ ಚುಟುಕಾಗಿ ಹೀಗಿದೆ. ಮಿನೆಸೋಟ ವಿಶ್ವವಿದ್ಯಾಲಯದ ಕಾನೂನು ಶಾಲೆಯ ನಾಲ್ಕು ಪರೀಕ್ಷೆಗಳನ್ನು ಚಾಟ್‌ಜಿಪಿಟಿ ಸರಾಸರಿ ‘ಸಿ ಪ್ಲಸ್’ ದರ್ಜೆಯಲ್ಲಿ ಪಾಸು ಮಾಡಿತೆಂದು 2023ರ ಆರಂಭದಲ್ಲಿ ಅಲ್ಲಿನ ಪ್ರಾಧ್ಯಾಪಕರು ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ಜಿಪಿಟಿ-4 ಅಮೆರಿಕದ ವಕೀಲಿ ಪರೀಕ್ಷೆಯನ್ನೂ ದಾಟಿತು. ಸಿಡ್ನಿ ವಿಶ್ವವಿದ್ಯಾಲಯ ಮೌಲ್ಯಮಾಪನವನ್ನು ಎರಡು ದಾರಿಗಳಾಗಿ ಬೇರ್ಪಡಿಸಿತು: ಎದುರು ಕೂರಿಸಿ ನಡೆಸುವ ಭದ್ರ ಪರೀಕ್ಷೆ ಒಂದು, ಎಐ ಬಳಕೆಗೆ ಮುಕ್ತವಾದ ನಿಯೋಜನೆ ಇನ್ನೊಂದು. ನಮ್ಮ ದೇಶದಲ್ಲಿ ನ್ಯಾಯಾಲಯಗಳ ಮಟ್ಟದಲ್ಲೂ ಎಚ್ಚರಿಕೆ ಮೂಡಿದೆ: ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯೊಂದನ್ನು ಹೊರಡಿಸಿ, ತೀರ್ಮಾನ ಕೈಗೊಳ್ಳಲು ಎಐ ಬಳಸಕೂಡದೆಂದು ಹೇಳಿತು.

ಕಕ್ಷಿದಾರರ ಗುಟ್ಟಿನ ವಿಚಾರವನ್ನು ಕಾಲೇಜುಗಳು ಹಗುರವಾಗಿ ನೋಡುವಂತಿಲ್ಲ. ಕಾನೂನು ನೆರವು ಶಿಬಿರಕ್ಕೆ ಹೋದ ವಿದ್ಯಾರ್ಥಿ, ಗಂಡನ ಹೊಡೆತದ ಬಗ್ಗೆ ಹೆಂಗಸೊಬ್ಬಳು ಹೇಳಿಕೊಂಡದ್ದನ್ನು ಊರು ಹೆಸರು ಸಮೇತ ಚಾಟ್‌ಬಾಟಿಗೆ ಹಾಕಿ ಅರ್ಜಿ ಬರೆಸಿದರೆ, ಆ ಮಾತು ಆಕೆಯ ಹತೋಟಿ ಮೀರಿ ಹೊರಗೆ ಹೋಯಿತೆಂದೇ ಅರ್ಥ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ಕಾಯುವ ವಕೀಲ–ಕಕ್ಷಿದಾರ ಮಾತುಕತೆಯ ಪಾವಿತ್ರ್ಯವನ್ನು ವಿದ್ಯಾರ್ಥಿ ದೆಸೆಯಲ್ಲೇ ಕಲಿಯಬೇಕು. ವೃತ್ತಿನೀತಿಯ ಪತ್ರಿಕೆಯಲ್ಲಿ ಇದಕ್ಕೆ ಜಾಗ ಸಿಗಲೇಬೇಕು.

ಮೌಲ್ಯಮಾಪನದ ಪರಿಹಾರಕ್ಕೆ ಮಾದರಿ ಹತ್ತಿರದಲ್ಲೇ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಮೊದಲಿನಿಂದಲೂ ವಿದ್ಯಾರ್ಥಿ ಬರೆದ ಪ್ರಾಜೆಕ್ಟಿನ ಮೇಲೆ ಅಧ್ಯಾಪಕರು ಎದುರು ಕೂರಿಸಿ ಪ್ರಶ್ನೆ ಕೇಳುವ ಪದ್ಧತಿ ಬೆಳೆದು ಬಂದಿದೆ. ಅದಕ್ಕೆ ಹೊಸ ಯಂತ್ರವಾಗಲಿ ದುಬಾರಿ ಚಂದಾ ಆಗಲಿ ಬೇಕಿಲ್ಲ. ಮೇಷ್ಟರ ಸಮಯ ಬೇಕು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿದ ಕಾಲೇಜುಗಳಲ್ಲಿ ಸಿಗದಿರುವುದೂ ಅದೇ. ವಕೀಲರ ಪರಿಷತ್ತು 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿ ಹೊಸ ಅಪರಾಧ ಕಾನೂನುಗಳನ್ನು ಪಠ್ಯಕ್ಕೆ ಸೇರಿಸಲು ಹೇಳಿತು. ಅಷ್ಟೇ ಚುರುಕಾಗಿ ಪ್ರಾಯೋಗಿಕ ಪತ್ರಿಕೆಗಳ ಅಂಕ ಹಂಚಿಕೆಯನ್ನೂ ಅದು ತಿದ್ದಬೇಕು. ಕರಡಿನ 90 ಅಂಕಗಳಲ್ಲಿ ಅರ್ಧವನ್ನಾದರೂ ತರಗತಿಯಲ್ಲಿ ಪಹಣಿ ಮುಂದಿಟ್ಟು ಬರೆಸುವುದಕ್ಕೂ ಎದುರು ಕೂರಿಸಿ ಕೇಳುವುದಕ್ಕೂ ವರ್ಗಾಯಿಸಬೇಕು. ಅಲ್ಲಿಯವರೆಗೆ, ಆಂತರಿಕ ಮೌಲ್ಯಮಾಪನದ 20 ಅಂಕ ಕೊಡುವ ಅಧ್ಯಾಪಕರಲ್ಲಿ ಒಂದು ವಿನಂತಿ: ವಿದ್ಯಾರ್ಥಿ ತಂದ ನಿಯೋಜನೆಯಲ್ಲಿ ಯಾವುದಾದರೂ ಒಂದು ತೀರ್ಪಿನ ಹೆಸರಿಗೆ ಬೆರಳಿಟ್ಟು, ಅದರ ಮೂಲ ಪ್ರತಿಯನ್ನು ತಂದು ತೋರಿಸಲು ಹೇಳಿ, ಆಮೇಲೆ ಅಂಕ ಹಾಕಿ.